ಒಂದು ಲೋಟ ಡೀಸೆಲ್

ಹರಿಹರ ಮುಗಿದು ಕೊಂಡಜ್ಜಿಯ ರಸ್ತೆ ಗದ್ದೆಗಳ ನಡುವೆ ಇಳಿಯುವ ತಿರುವಿನಲ್ಲಿ ಗುರುಶಾಂತಮ್ಮನ ಹಿಟ್ಟಿನ ಗಿರಣಿ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಕರೆದುಕೊಂಡು ಹೋದರೂ ಅದು ಆಕೆಯ ಗಿರಣಿಯೆಂದು ಯಾರಾದರೂ ಹೇಳಿಬಿಡುತ್ತಿದ್ದರು. ವಾಸನೆಯೇ ಹಾಗಿತ್ತು. ಊರಿನ ಉಳಿದ ಗಿರಣಿಗಳ ಎಂಜಿನ್ನು ಡೀಸೆಲ್ ಕುಡಿದರೆ ಇದು ಹೊಂಗೆ ಎಣ್ಣೆ ಕುಡಿಯುತ್ತಿತ್ತು. ಬಿಸಿ ಹಿಟ್ಟಿನ ಘಮದ ಜೊತೆಗೆ ಹೊಂಗೆಯ ಕಹಿ ಹೊಗೆ ಸೇರಿಕೊಂಡು ರಸ್ತೆಯವರೆಗೂ ಬರುತ್ತಿತ್ತು. ಬಸ್ಸಿನಲ್ಲಿ ಹೋಗುವವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಗುರುಶಾಂತಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳೇ ಹೊರತು ಒಂದು ದಿನವೂ ಬಾಗಿಲು ಮುಚ್ಚಿದವಳಲ್ಲ.

ಶುರುವಾದದ್ದು ಹಟದಿಂದಲೇ. ಗಿರಣಿಗೆ ಕರೆಂಟಿನ ಮೋಟಾರೂ ಇತ್ತು, ಆದರೆ ಕರೆಂಟು ಮನಸ್ಸು ಬಂದಾಗ ಬಂದು ಹೋಗುತ್ತಿದ್ದ ಕಾಲ ಅದು. ಡೀಸೆಲ್ ಹಾಕಿ ಬೀಸಿದರೆ ಕೂಲಿ ಹೆಚ್ಚಿಸಬೇಕಿತ್ತು. ಕೂಲಿ ಹೆಚ್ಚಿಸಿದರೆ ಕೊಂಡಜ್ಜಿಯ ಹೆಂಗಸರು ಮತ್ತೆ ಮನೆಯ ಬೀಸುಕಲ್ಲು ಹಿಡಿಯಬೇಕಿತ್ತು. ಗುರುಶಾಂತಮ್ಮನ ತವರಿನಲ್ಲಿ ಹಿಂದೆ ಹೊಂಗೆ ಎಣ್ಣೆಯ ದೀಪ ಉರಿಯುತ್ತಿತ್ತು. ದೀಪ ಉರಿಸುವ ಎಣ್ಣೆ ಎಂಜಿನ್ನಿನಲ್ಲಿ ಯಾಕೆ ಉರಿಯಬಾರದು ಎಂದು ಆಕೆ ಕೇಳಿದಾಗ, ಕುಕ್ಕುವಾಡದ ಹೊಲ ನೋಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ ಗಂಡ ನಾಗರಾಜಪ್ಪ ನಕ್ಕು, ಹಾಗಾದರೆ ಎಂಜಿನ್ನಿಗೆ ಒಂದು ಬತ್ತಿಯನ್ನೂ ಹೊಸೆದು ಹಾಕು ಎಂದಿದ್ದ. ಎಂಜಿನ್ ರಿಪೇರಿಯ ಚಾಂದ್ ಪಾಷಾ ಮಾತ್ರ ನಗಲಿಲ್ಲ. ಸಿಟ್ಟಾದ.

"ಅಕ್ಕಾ, ಎಂಜಿನ್ ಸತ್ರೆ ನನ್ನ ಕರೀಬ್ಯಾಡ್ರಿ. ನಾನು ಡಾಕ್ಟರು, ಹೆಣ ಹೊರೋನಲ್ಲ" ಎಂದು ಹೇಳಿ ಪಾನಾ, ಸುತ್ತಿಗೆಗಳ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ.

ಆದರೆ ಮೊದಲ ಸಲ ಹೊಂಗೆ ಎಣ್ಣೆ ಸುರಿದ ದಿನ, ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಚಾಂದ್ ಪಾಷಾ ಬೆಳಗಿನಿಂದ ಸಂಜೆಯವರೆಗೂ ಕೂತಿದ್ದ. ಚಹಾ ಕುಡಿಯಲು ಬಂದವನಂತೆ ಕೂತಿದ್ದರೂ ಪಾನಾ ಚೀಲ ಕಾಲ ಬಳಿಯೇ ಇತ್ತು. ಗುರುಶಾಂತಮ್ಮ ಅದನ್ನು ನೋಡಿಯೂ ನೋಡದಂತಿದ್ದಳು. ಎಂಜಿನ್ ಆ ದಿನ ಸಂಜೆಯವರೆಗೂ ಓಡಿತು. ಮಾರನೆಯ ಬೆಳಿಗ್ಗೆ ಮಾತ್ರ ಎಷ್ಟು ತಿರುವಿದರೂ ಎದ್ದೇಳಲಿಲ್ಲ. ರಾತ್ರಿಯ ತಂಪಿಗೆ ಎಣ್ಣೆ ಒಳಗೆ ಅಂಟಾಗಿ ಹಿಡಿದುಬಿಟ್ಟಿತ್ತು. ಚಾಂದ್ ಪಾಷಾ ಗೊಣಗುತ್ತಲೇ ಬಂದು, ಬಿಚ್ಚಿ, ತೊಳೆದು, ಕೂರಿಸಿದ. ಇಬ್ಬರೂ ಜಗಳವಾಡುತ್ತಾಡುತ್ತಾ ಒಂದು ದಾರಿ ಕಂಡುಕೊಂಡರು. ಎಬ್ಬಿಸುವಾಗ ಸ್ವಲ್ಪ ಡೀಸೆಲ್, ಬಿಸಿಯಾದ ಮೇಲೆ ಹೊಂಗೆ, ನಿಲ್ಲಿಸುವ ಮುಂಚೆ ಮತ್ತೆ ಸ್ವಲ್ಪ ಡೀಸೆಲ್. ಹಾಗೆ ಮಾಡಿದರೆ ಒಳಗೆ ಅಂಟು ಕೂರುತ್ತಿರಲಿಲ್ಲ. ಗುರುಶಾಂತಮ್ಮ ಅದಕ್ಕೆ ಮನೆಯಲ್ಲಿದ್ದ ಹೊಟ್ಟೆ ಸೊಟ್ಟಗಾದ ಸ್ಟೀಲ್ ಲೋಟವನ್ನು ಇಟ್ಟಳು. ಉಂಡವರು ಬಾಯಿ ಮುಕ್ಕಳಿಸದೆ ಮಲಗುತ್ತಾರೆಯೇ, ಹಾಗೆಯೇ ಇದು ಎಂದು ಆ ಕೆಲಸಕ್ಕೆ 'ಬಾಯಿ ತೊಳೆಸೋದು' ಎಂದು ಹೆಸರಿಟ್ಟಳು. ಚಾಂದ್ ಪಾಷಾನ ತಾಯಿ ರಹಮತ್ ಬೀ ಎಣ್ಣೆ ಸೋಸಲಿಕ್ಕೆ ತನ್ನ ಹಳೆಯ ಮೆತ್ತನೆಯ ಸೀರೆಯೊಂದನ್ನು ಒಗೆದು, ಮಡಿಸಿ, ಮಗನ ಕೈಯಲ್ಲೇ ಕಳಿಸಿಕೊಟ್ಟಳು.

ಬೀಜ ಎಲ್ಲಿಂದ ಬರಬೇಕು? ಅದಕ್ಕೆ ಗುರುಶಾಂತಮ್ಮ ಹೊಲದ ಪದ್ಧತಿಯನ್ನೇ ಗಿರಣಿಗೆ ತಂದಳು. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ತೆಗೆದರೆ ನಾಳೆ ನೀನು ನನ್ನ ಹೊಲಕ್ಕೆ ಬರುವುದಕ್ಕೆ ಆ ಕಡೆ ಮುಯ್ಯಿ ಎನ್ನುತ್ತಾರೆ. ದುಡ್ಡು ನಡುವೆ ಬರುವುದಿಲ್ಲ. ಕೊಂಡಜ್ಜಿಯ ಹೆಂಗಸರು ಜೋಳದ ಜೊತೆಗೆ ಒಂದು ಪುಟ್ಟಿ, ಎಂದರೆ ಒಂದು ಸಣ್ಣ ಬುಟ್ಟಿ, ಹೊಂಗೆ ಬೀಜ ತಂದರೆ ಬೀಸಿದ್ದಕ್ಕೆ ಕೂಲಿಯಿಲ್ಲ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯೂ ಅವರ ಹೊಲಕ್ಕೇ ಹೋಗುತ್ತಿತ್ತು. ಎಲ್ಲರಿಗಿಂತ ಮೊದಲು ಪುಟ್ಟಿ ಹೊತ್ತು ಬಂದವಳು ಓಬಕ್ಕ. ಆಕೆಯ ಗದ್ದೆಯ ಎರಡು ಬದುಗಳಲ್ಲಿ ಹೊಂಗೆ ಮರಗಳಿದ್ದವು. ಒಂದು ಬದುವಿನ ಮರಗಳನ್ನು ನಾಟಿಯ ಮುಂಚೆ ಸವರಿ ಸೊಪ್ಪನ್ನು ಗೊಬ್ಬರಕ್ಕೆಂದು ಗದ್ದೆಗೆ ತುಳಿಸುವಳು. ಇನ್ನೊಂದು ಬದುವಿನದನ್ನು ಬೀಜಕ್ಕೆ ಬಿಡುವಳು. ಮರುವರ್ಷ ಅದಲು ಬದಲು. ಸವರಿದ ಮರ ಆ ವರ್ಷ ಕಾಯಿ ಕೊಡುವುದಿಲ್ಲ ಎನ್ನುವುದು ಆ ಕಡೆಯ ಎಲ್ಲರಿಗೂ ಗೊತ್ತಿದ್ದ ಮಾತು. ಯಾರೂ ಅದನ್ನು ದೊಡ್ಡ ವಿಷಯ ಮಾಡಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ತೊಂಬತ್ತೇಳರ ಗಣೇಶನ ಹಬ್ಬದ ಹೊತ್ತಿಗೆ ಸರ್ಕಾರ ಡೀಸೆಲ್ ದರ ಏರಿಸಿತು. ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರು ಬಸ್ಸಿಳಿದು ಒಳಗೆ ಬಂದು ಎಂಜಿನ್ ನೋಡತೊಡಗಿದರು. ಹಾಗೆ ಬಂದವರಲ್ಲಿ ದಾವಣಗೆರೆಯ ಬಸವಪ್ರಭುವೂ ಒಬ್ಬ.

ಬಸವಪ್ರಭು ನಾಗರಾಜಪ್ಪನ ದೂರದ ದಾಯಾದಿ. ನಿಟ್ಟುವಳ್ಳಿಯಲ್ಲಿ ಮನೆ, ಮಂಡಿಯಲ್ಲಿ ವ್ಯಾಪಾರ. ಮಾತು ಜಾಸ್ತಿ, ಆದರೆ ಕೆಟ್ಟವನಲ್ಲ. ಗುರುಶಾಂತಮ್ಮನನ್ನು ದಾವಣಗೆರೆಗೆ ಕರೆಸಿಕೊಂಡು ಬೆಣ್ಣೆ ದೋಸೆ ಕೊಡಿಸಿದ. ಸೀದ ದೋಸೆಯನ್ನು ತನ್ನ ತಟ್ಟೆಗೆ ಎಳೆದುಕೊಂಡು ಚೆನ್ನಾಗಿ ಬೆಂದದ್ದನ್ನು ಆಕೆಯ ಕಡೆ ಸರಿಸಿದ. ಆಮೇಲೆ ಲೋಕದ ವಿಷಯ ಶುರು ಮಾಡಿದ. ನೆಲದಡಿಯ ಎಣ್ಣೆ ಒಂದು ದಿನ ಮುಗಿಯುತ್ತದೆಯಂತೆ. ಎಲ್ಲ ದೇಶದವರೂ ಈಗ ಗಿಡಮರದ ಎಣ್ಣೆ ಹುಡುಕುತ್ತಿದ್ದಾರಂತೆ. ಒಬ್ಬರು ಸಾಸಿವೆಯಂಥದ್ದು ಬೆಳೆದು ಲಾರಿ ಓಡಿಸಿದರೆ ಇನ್ನೊಬ್ಬರು ಕಬ್ಬಿನಿಂದ ಕಾರು ಓಡಿಸುತ್ತಾರಂತೆ. ನಮ್ಮ ಹೊಂಗೆಗೆ ಹೊಲ ಬೇಡ, ನೀರು ಬೇಡ, ಗೊಬ್ಬರ ಬೇಡ. ಬೊಂಬಾಯಿಯ ಒಂದು ಕಂಪನಿ ಸಾವಿರಾರು ಟನ್ ಕೊಳ್ಳಲು ತಯಾರಿದೆ, ಅಲ್ಲಿಂದ ಹಡಗು ಹತ್ತಿದರೆ ಜಗತ್ತೇ ನಮ್ಮ ಸಂತೆ ಎಂದ. ಗುರುಶಾಂತಮ್ಮನಿಗೆ ಆ ಹೊತ್ತು ಹೆಮ್ಮೆಯೇ ಆಯಿತು. ಎರಡು ವರ್ಷ ನಗೆಗೀಡಾದವಳಲ್ಲವೇ. ಬಸ್ಸಿನಲ್ಲಿ ವಾಪಸು ಬರುವಾಗ ಸಾಲಿನಲ್ಲಿ ನಿಂತ ಹೊಂಗೆ ಮರಗಳನ್ನು ಕಿಟಕಿಯಿಂದ ಹೊಸದಾಗಿ ನೋಡಿದಳು.

ಮಾಘದಲ್ಲಿ ಕಾಯಿ ಒಣಗಿ ಉದುರುವ ಹೊತ್ತಿಗೆ ಬಸವಪ್ರಭುವಿನ ಜನ ಊರೂರು ತಿರುಗಿ ಹೊಂಗೆ ಬೀಜಕ್ಕೆ ನಗದು ಕೊಡತೊಡಗಿದರು. ಕೊಂಡಜ್ಜಿ, ಅದರಾಚೆ, ಈಚೆ, ಎಲ್ಲ ಕಡೆಯ ಬೀಜವೂ ಹರಿಹರದ ಅವನ ಗೋದಾಮು ಸೇರಿತು. ಗಿರಣಿಗೆ ಬರುವ ಪುಟ್ಟಿಗಳು ನಿಂತವು. ಯುಗಾದಿ ಹತ್ತಿರವಾದಾಗ ಒಂದು ಸೋಮವಾರ ಓಬಕ್ಕ ಜೋಳ ಮಾತ್ರ ಹೊತ್ತು ಬಂದು, ತಲೆ ತಗ್ಗಿಸಿ, ಹೊರಗೇ ನಿಂತಳು.

"ಎಲ್ಲಾ ಕೊಟ್ಬಿಟ್ಟೆ ಕಣವ್ವ. ಮಗಳ ಬಾಣಂತನ ಐತೆ" ಎಂದಳು.

ಗುರುಶಾಂತಮ್ಮ ಆಕೆಯ ತಲೆಯ ಮೇಲಿನ ಚೀಲವನ್ನು ತಾನೇ ಇಳಿಸಿಕೊಂಡು ಬೀಸಿಕೊಟ್ಟಳು. ದಿನವೂ ಹಾಗೆ ಬೀಸಲು ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಳೆಯ ಎಣ್ಣೆಯಲ್ಲಿ ಉಳಿದಿದ್ದದ್ದು ಒಂದು ಡಬ್ಬ. ಅದು ತೀರಿದರೆ ಒಂದೋ ಬಾಗಿಲು ಹಾಕಬೇಕು, ಇಲ್ಲವೇ ಡೀಸೆಲ್ ಸುರಿದು ಈ ಹೆಂಗಸರಿಗೇ ಆಗದಷ್ಟು ಕೂಲಿ ಕೇಳಬೇಕು.

ಗುರುಶಾಂತಮ್ಮ ದಾವಣಗೆರೆಗೆ ಹೋಗಿ ಬಸವಪ್ರಭುವನ್ನು ಮಂಡಿಯಲ್ಲೇ ಹಿಡಿದಳು. ಅವನು ನಗುತ್ತಲೇ ಕುರ್ಚಿ ಹಾಕಿಸಿದ.

"ನಿಮಗ್ಯಾಕ ಚಿಂತಿ ಅತ್ತಿಗೆ? ಯುಗಾದಿ ಮುಗೀತಿದ್ದಂಗೆ ಬೊಂಬಾಯಿಯೋರು ಬರ್ತಾರೆ. ನಿಮ್ಮ ಎಂಜಿನ್ ನೋಡಿ ಹೂಂ ಅಂದ್ರೆ ಸಾಕು, ವರ್ಷ ವರ್ಷಾನೂ ನಿಮ್ಮ ಗಿರಣಿಗೆ ಬೇಕಾದಷ್ಟು ಬೀಜ ನನ್ನ ಗೋದಾಮಿಂದನ ಬರ್ತತೆ."

"ಊಂಹೂಂ ಅಂದ್ರೆ?"

"ಅನ್ನಲ್ಲ ಬಿಡ್ರಿ" ಎಂದವನು ದನಿ ಇಳಿಸಿದ. "ಆ ಲೋಟ ಒಂದನ್ನ ಅವತ್ತು ಒಳಗಿಟ್ಬಿಡ್ರಿ. ಅವರು ಬರೋ ಮುಂಚೆ ಎಂಜಿನ್ ಬಿಸಿ ಮಾಡಿಟ್ರಾತು. ಪೂರ್ತಿ ಹೊಂಗೆ ಮ್ಯಾಲೆ ಓಡ್ತತೆ ಅಂತ ಕಾಗದದಾಗೆ ಬರ್ದೀನಿ. ಡೀಸೆಲ್ ಕಂಡ್ರೆ ನೂರು ಪ್ರಶ್ನೆ ಬರ್ತಾವೆ."

ಗುರುಶಾಂತಮ್ಮ ಉತ್ತರ ಕೊಡದೆ ಎದ್ದು ಬಂದಳು. ಅದನ್ನು ಅವನು ಒಪ್ಪಿಗೆಯೆಂದುಕೊಂಡ. ಆಕೆಯೇ ಅದು ಏನೆಂದು ತಿಳಿಯದೆ ಬಸ್ಸಿನುದ್ದಕ್ಕೂ ಯೋಚಿಸಿದಳು. ಒಂದು ಲೋಟ. ಮುಚ್ಚಿಟ್ಟರೆ ಗಿರಣಿ ಉಳಿಯುತ್ತದೆ. ಮುಚ್ಚಿಡುವುದಕ್ಕೆ ಅದೇನು ಕಳ್ಳಸಾಮಾನೂ ಅಲ್ಲ. ಆದರೆ ಲೋಟ ಮುಚ್ಚಿಟ್ಟು ತೋರಿಸಿದ ಎಂಜಿನ್ ತನ್ನದಲ್ಲ ಎನ್ನಿಸಿತು. ಅದು ಯಾರದೋ ಕಾಗದದ ಎಂಜಿನ್. ಬಗೆಹರಿಯದೆಯೇ ಬಸ್ಸಿಳಿದಳು.

ಬೊಂಬಾಯಿಯವರು ಇಬ್ಬರು ಬಂದರು. ಒಬ್ಬ ಹುಡುಗು ಮುಖದ ಎಂಜಿನಿಯರು, ಬರೆದುಕೊಳ್ಳುವುದೇ ಅವನ ಕೆಲಸ. ಇನ್ನೊಬ್ಬರು ನೆರೆಗೂದಲಿನ ಹಿರಿಯರು. ಒಳಗೆ ಬರುವಾಗ ಇವರು ಹೊಸ್ತಿಲಲ್ಲಿ ಬೂಟು ಬಿಚ್ಚಿದರು. ಹಿಟ್ಟು ಬೀಳುವ ಜಾಗವೆಂದು ಯಾರೂ ಹೇಳದೆ ಅವರಿಗೆ ಹೊಳೆದದ್ದು ಗುರುಶಾಂತಮ್ಮನಿಗೆ ಹಿಡಿಸಿತು. ಅವರ ಹಿಂದಿಯನ್ನು ಚಾಂದ್ ಪಾಷಾ ಕನ್ನಡಕ್ಕೆ ತಿರುಗಿಸುತ್ತಿದ್ದ, ನಡುವೆ ತನ್ನದನ್ನೂ ಸೇರಿಸುತ್ತಿದ್ದ. ಓಬಕ್ಕ ಮತ್ತು ನಾಲ್ಕಾರು ಹೆಂಗಸರು ಜೋಳದ ಚೀಲಗಳ ಮೇಲೆ ಕೂತಿದ್ದರು. ಬೆಳಿಗ್ಗೆಯೇ ಬಿಸಿ ಮಾಡಿಟ್ಟಿದ್ದ ಎಂಜಿನ್ ಚೊಕ್ಕವಾಗಿ ಓಡುತ್ತಿತ್ತು. ಎಂಜಿನಿಯರು ಹೊಗೆಯ ಹತ್ತಿರ ಮೂಗು ತಂದು ಕೆಮ್ಮಿದ. ಹಿರಿಯರು ಬಿಸಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ತಲೆದೂಗಿದರು. ಬಸವಪ್ರಭುವಿನ ಮುಖ ಅರಳಿತ್ತು.

ಎಲ್ಲರಿಗಿಂತ ಕೊನೆಯ ಓಬಕ್ಕನ ಪಾಳಿಯೂ ಮುಗಿಯಿತು. ಜೋಳ ಸುರಿಯುವ ಹಾಪರಿನಲ್ಲಿ ಕಾಳಿರಲಿಲ್ಲ. ಎಂಜಿನ್ ನಿಲ್ಲಿಸಬೇಕಾದ ಹೊತ್ತು. ಗುರುಶಾಂತಮ್ಮನ ಕೈ ತಾನೇ ತಾನಾಗಿ ಲೋಟವಿಡುವ ಗೋಡೆಯ ಗೂಡಿನ ಕಡೆ ಹೋಯಿತು. ಲೋಟ ಅಲ್ಲಿರಲಿಲ್ಲ. ಯಾರೋ ಅದನ್ನು ಚೀಲಗಳ ಹಿಂದೆ ಸರಿಸಿದ್ದರು. ಆಕೆ ಬಗ್ಗಿ, ಹುಡುಕಿ, ಎತ್ತಿಕೊಂಡಳು. ಡೀಸೆಲ್ ಕ್ಯಾನಿನಿಂದ ಅದನ್ನು ತುಂಬಿಸಿದಳು. ಎಲ್ಲರ ಕಣ್ಣ ಮುಂದೆ ಡೀಸೆಲ್ಲಿಗೆಂದೇ ಇದ್ದ ಚಿಕ್ಕ ಟ್ಯಾಂಕಿಗೆ ಸುರಿದು, ನಲ್ಲಿಯನ್ನು ಅದರ ಕಡೆ ತಿರುಗಿಸಿದಳು.

ಎಂಜಿನಿಯರು ಅದೇನೆಂದು ಕೇಳಿದ.

"ಪಾನಿ, ಪಾನಿ" ಎಂದ ಬಸವಪ್ರಭು. "ತಣ್ಣಗಿರಲಿ ಅಂತ ನೀರು ಹಾಕ್ತಾರೆ."

ಎಂಜಿನಿಯರು ನೀರು ಎಂದು ಬರೆದುಕೊಳ್ಳಲು ಹೋದ.

"ನೀರಲ್ಲ" ಎಂದಳು ಗುರುಶಾಂತಮ್ಮ. ಎಂಜಿನ್ನಿನ ಸದ್ದಿನ ಮೇಲೆ ಕೇಳಲೆಂದು ದನಿ ಎತ್ತಿಯೇ ಹೇಳಿದಳು. "ಡೀಸೆಲ್. ಚಾಂದ್ ಪಾಷಾ, ಸರಿಯಾಗಿ ಹೇಳು ಅವರಿಗೆ. ಎಬ್ಬಿಸುವಾಗ ಒಂದು ಲೋಟ, ಮಲಗಿಸುವಾಗ ಒಂದು ಲೋಟ. ಅದಿಲ್ದಿದ್ರೆ ನಾಳೆ ಏಳಂಗಿಲ್ಲ. ನಡುವಿನ ಹೊತ್ತೆಲ್ಲಾ ಹೊಂಗೆ. ಎರಡು ವರ್ಷದಿಂದ ಓಡ್ತಾ ಐತೆ, ಇನ್ನೂ ಓಡ್ತತೆ. ಇದ್ರಾಗೆ ಮುಚ್ಚಿಡೋ ಅಂಥದ್ದೇನೂ ಇಲ್ಲ."

ಚಾಂದ್ ಪಾಷಾ ಅಷ್ಟನ್ನೂ ಹೇಳಿದ. ಈ ಸಲ ತನ್ನದೇನೂ ಸೇರಿಸಲಿಲ್ಲ. ಬಸವಪ್ರಭು ಗೋಡೆಯ ಕಡೆ ತಿರುಗಿ ನಿಂತ. ಎಂಜಿನ್ ಬಾಯಿ ತೊಳೆದುಕೊಂಡು ನಿಂತಿತು.

ಹಿರಿಯರು ಲೋಟವನ್ನು ಕೇಳಿ ಇಸಿದುಕೊಂಡು ಅದರ ಸೊಟ್ಟ ಹೊಟ್ಟೆಯನ್ನು ಸವರಿ ನಕ್ಕರು. ಲೋಟದಿಂದ ನಮಗೇನೂ ತೊಂದರೆಯಿಲ್ಲ ಎಂದರು. ಅವರು ಕೇಳಬೇಕಾದದ್ದು ಬೇರೆ ಇತ್ತು. ಈ ಸೀಮೆಯಿಂದ ವರ್ಷಕ್ಕೆ ಎಷ್ಟು ಸಾವಿರ ಟನ್ ಬೀಜ ಸಿಕ್ಕೀತು? ಬಸವಪ್ರಭು ತಿರುಗಿ ಬಾಯಿ ತೆರೆಯುವ ಮೊದಲೇ ಓಬಕ್ಕ ಚೀಲದ ಮೇಲಿಂದ ಎದ್ದಳು.

"ಮರ ಎಲ್ಲಾ ಬೀಜಕ್ಕೇ ಬಿಟ್ರೆ ಗದ್ದಿಗೆ ಸೊಪ್ಪು ನಿಮ್ಮಪ್ಪ ತರ್ತಾನಾ? ಕೇಳು ಪಾಷಾ, ನಮ್ಮ ಗದ್ದಿ ಉಣ್ಬೇಕಾ, ಅವರ ಲಾರಿ ಉಣ್ಬೇಕಾ?"

ಚಾಂದ್ ಪಾಷಾ ಅಪ್ಪನ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದ. ಹಿರಿಯರು ಬೇಸರಿಸಲಿಲ್ಲ. ಅಲ್ಲೇ ಒಂದು ಚೀಲದ ಮೇಲೆ ಕೂತು, ನಿಧಾನವಾಗಿ ಹೇಳಿದರು. ಬ್ರೆಜಿಲ್ ಎಂಬ ದೇಶದಲ್ಲಿ ಕಬ್ಬಿನಿಂದ ತೆಗೆದ ಸಾರಾಯಿಯಲ್ಲಿ ಲಕ್ಷಗಟ್ಟಲೆ ಕಾರು ಓಡಿದವು. ಸುಳ್ಳಲ್ಲ, ನಿಜವಾಗಿ ಓಡಿದವು. ಆಮೇಲೆ ಸಕ್ಕರೆಗೆ ಒಳ್ಳೆಯ ಬೆಲೆ ಬಂತು. ಕಬ್ಬು ಸಕ್ಕರೆಗೆ ಹೋಯಿತು, ಬಂಕುಗಳಲ್ಲಿ ಸಾರಾಯಿಯಿಲ್ಲದೆ ಕಾರುಗಳು ಸಾಲುಗಟ್ಟಿ ನಿಂತವು. ಅತ್ತ ಪೆಟ್ರೋಲೂ ಅಗ್ಗವಾಗಿತ್ತು, ಜನ ಮತ್ತೆ ಅದಕ್ಕೇ ಮರಳಿದರು. ಈಗಲೂ ಅದೇ ಗಾಳಿ. ಹೋದ ವರ್ಷ ಪೀಪಾಯಿಗೆ ಇಪ್ಪತ್ತು ಡಾಲರಿನ ಹತ್ತಿರವಿದ್ದ ಕಚ್ಚಾ ತೈಲ ಹದಿಮೂರಕ್ಕೆ ಬಂದು ಕೂತಿದೆ. ನಮ್ಮ ಕಂಪನಿಯವರಿಗೆ ಈಗ ಮರದ ಎಣ್ಣೆಯ ಹಸಿವಿಲ್ಲ.

ಗುರುಶಾಂತಮ್ಮನಿಗೆ ಬ್ರೆಜಿಲ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆದರೆ ಸಾಲುಗಟ್ಟಿ ನಿಂತ ಆ ಕಾರುಗಳು ಕಣ್ಣಿಗೆ ಕಟ್ಟಿದವು.

"ಅದು ದೂರ ಅಲ್ಲ ಬಿಡ್ರಿ" ಎಂದಳು. "ನಮ್ಮಲ್ಲೂ ಈ ವರ್ಷ ಅದೇ ಆಗೇತೆ. ಬೀಜಕ್ಕೆ ರೇಟು ಬಂತು, ಗಿರಣಿಗೆ ಬೀಜ ಇಲ್ಲ. ಹೊಂಗೆ ಲೋಕ ಎಲ್ಲಾ ಸಾಕ್ತತೆ ಅಂತ ನಾ ಹೇಳಂಗಿಲ್ಲ. ಆದ್ರೆ ಲೋಕ ಸಾಕಾಕೆ ಆಗಲ್ಲ ಅಂತ ನನ್ನ ಗಿರಣಿ ಯಾಕ ನಿಲ್ಲಿಸ್ಲಿ? ಈ ಸಾಲು ಮರಕ್ಕೆ ಈ ಗಿರಣಿ ಓಡ್ಸೋ ತಾಕತ್ತೈತೆ. ಇದನ್ನ ನಾನು ಓಡಿಸೇ ಓಡಿಸ್ತೀನಿ."

ಹಿರಿಯರು ಎದ್ದು ಕೈ ಮುಗಿದರು. ಹೋಗುವಾಗ ಲೋಟವನ್ನು ತಾವೇ ಗೂಡಿನಲ್ಲಿಟ್ಟು ಹೋದರು.

ಕಾರು ಮರೆಯಾದ ಮೇಲೆ ಬಸವಪ್ರಭು ಬಾಯಿಗೆ ಬಂದದ್ದೆಲ್ಲ ಅಂದ. ಒಂದು ಲೋಟಕ್ಕಾಗಿ ಒಂದು ಸೀಮೆಯ ಭಾಗ್ಯ ಚೆಲ್ಲಿದಿರಿ ಎಂದ. ಅವರಿಗೆ ಬೇಡವಾದದ್ದು ಲೋಟದಿಂದಲ್ಲ, ನಿಮ್ಮ ಕಿವಿಗೂ ಬಿತ್ತಲ್ಲ ಎಂದಳು ಗುರುಶಾಂತಮ್ಮ. ಇನ್ನು ನನ್ನ ಗೋದಾಮಿನ ಒಂದು ಬೀಜವೂ ಈ ಗಿರಣಿಗೆ ಬರುವುದಿಲ್ಲ ಎಂದು ಹೇಳಿ ಅವನು ಹೊರಟುಹೋದ.

ಡಬ್ಬದಲ್ಲಿದ್ದ ಹೊಂಗೆ ಎಣ್ಣೆ ಆ ವಾರವೇ ತೀರಿತು. ಗುರುಶಾಂತಮ್ಮ ಬಾಗಿಲು ಹಾಕಲಿಲ್ಲ. ಬೆಳಿಗ್ಗೆ ಕಸ ಗುಡಿಸಿ, ಎಂಜಿನ್ ಒರೆಸಿ, ಲೋಟ ಬೆಳಗಿ, ಬಾಗಿಲಲ್ಲೇ ಕೂತಳು. ಕರೆಂಟು ಬಂದಷ್ಟು ಹೊತ್ತು ಮೋಟಾರಿನಲ್ಲಿ ಬೀಸಿದಳು, ಹೋದಾಗ ಕೂತಳು. ಬಸ್ಸಿನವರು ಮೂಗು ಮುಚ್ಚಲಿಲ್ಲ. ಅದು ಆಕೆಗೆ ಸರಿಬರಲಿಲ್ಲ. ಗಂಡ ಬಂದು, ಡೀಸೆಲ್ ಹಾಕಿಬಿಡು, ಲೋಕವೇ ಹಾಕುತ್ತಿದೆ ಎಂದ. ಲೋಕ ಹಾಕಿಕೊಳ್ಳಲಿ ಎಂದಳು.

ಮರುವಾರ ಕೊಂಡಜ್ಜಿಯ ಕಡೆಯಿಂದ ತಲೆಯ ಮೇಲೆ ಪುಟ್ಟಿ ಹೊತ್ತ ಸಾಲೊಂದು ಬಂತು. ಮುಂದೆ ಓಬಕ್ಕ. ಬಸವಪ್ರಭು ಬೀಜ ಕೊಳ್ಳುವುದನ್ನು ನಡುವೆಯೇ ನಿಲ್ಲಿಸಿದ್ದ. ಕಡೆಯಲ್ಲಿ ಉದುರಿದ ಕಾಯಿಯ ಬೀಜ ಹೆಂಗಸರ ಮನೆಗಳಲ್ಲೇ ಉಳಿದಿತ್ತು. ಅವನು ಬೇಡವೆಂದದ್ದಕ್ಕೆ ತಂದಿರಿ ಎಂದು ಗುರುಶಾಂತಮ್ಮ ಛೇಡಿಸಬಹುದಿತ್ತು. ಆಕೆ ಹಾಗನ್ನಲಿಲ್ಲ. ಓಬಕ್ಕನ ಪುಟ್ಟಿಯನ್ನು ಇಳಿಸಿಕೊಂಡು, ಮಗಳಿಗೆ ಹೆರಿಗೆಯಾಯಿತೇ, ಮಗು ಹೇಗಿದೆ ಎಂದು ಕೇಳಿದಳು.

"ಹೆಣ್ಣು ಹುಟ್ಟೇತೆ" ಎಂದಳು ಓಬಕ್ಕ. "ನಿನ್ನಂಗೆ ಹಟಮಾರಿ. ಊರೇ ಎದ್ದೇಳಂಗೆ ಅಳ್ತತೆ."

ವೈಶಾಖದಲ್ಲಿ ಬಸವಪ್ರಭುವಿನ ಲಾರಿ ಬಂದು ಗಿರಣಿಯ ಮುಂದೆ ನಿಂತಿತು. ಸಾಬೂನು ಮಾಡುವವರು ಒಳ್ಳೆಯ ಬೀಜವನ್ನೆಲ್ಲ ಬಾಯಿಗೆ ಬಂದ ದರಕ್ಕೆ ಆರಿಸಿಕೊಂಡು ಹೋಗಿದ್ದರು. ಹುಳು ಬಿದ್ದದ್ದು, ಮುಗ್ಗಿದ್ದು ಉಳಿದಿತ್ತು. ಗೋದಾಮಿನ ನೆರೆಯವರು ವಾಸನೆಯೆಂದು ಜಗಳಕ್ಕೆ ಬಂದಿದ್ದರು. ಬಸವಪ್ರಭು ಇಳಿದು, ಬೆವರು ಒರೆಸಿಕೊಂಡು, ತೋಚಿದ್ದು ಕೊಟ್ಟು ತೆಗೆದುಕೊಳ್ಳಿ ಎಂದ. ಮುಖ ನೋಡಿ ಮಾತಾಡಲಿಲ್ಲ.

"ದುಡ್ಡಿಗೆ ಬ್ಯಾಡ" ಎಂದಳು ಗುರುಶಾಂತಮ್ಮ. "ಇಲ್ಲಿ ಮುಯ್ಯಿ ನಡೀತತೆ. ಬೀಜ ತಂದೋರು ಜ್ವಾಳಾನೂ ತರ್ಬೇಕು, ಹಿಟ್ಟು ಒಯ್ಬೇಕು."

"ಲಾರಿ ಬೀಜಕ್ಕೆ ಎಷ್ಟು ಹಿಟ್ಟು ತಿನ್ಲಿ ಅತ್ತಿಗೆ? ನಮ್ಮನ್ಯಾಗೆ ಇರೋರು ನಾಕು ಜನ."

"ನೀವೇ ತಿನ್ರಿ ಅಂತ ಯಾರಂದ್ರು? ಮಠದ ದಾಸೋಹದಾಗೆ ದಿನಾ ರೊಟ್ಟಿ ತಟ್ತಾರೆ. ಅಲ್ಲಿಗೆ ಕಳಿಸ್ರಿ."

ಬಸವಪ್ರಭು ಲಾರಿಯನ್ನು ನೋಡಿದ, ರಸ್ತೆಯನ್ನು ನೋಡಿದ. ವಾಪಸು ಒಯ್ಯಲು ಜಾಗವಿರಲಿಲ್ಲ. ಸರಿ ಎಂದ. ಸೋಮವಾರ ಮಂಡಿಯಿಂದ ಜೋಳದ ಮೂಟೆಗಳನ್ನು ಹೇರಿಸಿಕೊಂಡು ಬಂದು ನೇರ ಒಳಗೆ ನಡೆದ.

"ಸಾವ್ಕಾರ್ರೇ, ಪಾಳಿ ಹಿಂದಿಂದ ಐತೆ" ಎಂದಳು ಓಬಕ್ಕ, ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು.

ಅವನು ಹಿಂದೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಗುರುಶಾಂತಮ್ಮ ಅವನನ್ನು ಹೆಸರು ಹಿಡಿದು ಕರೆದಳು. ಬಿಸಿಲಿನಲ್ಲಿ ನಿಂತವನಿಗೆ ಮೊದಲು ಕುಡಿಯಲು ತಂಬಿಗೆ ನೀರು ಕೊಟ್ಟಳು. ಕುಡಿದಾದ ಮೇಲೆ ಗೂಡಿನಿಂದ ಸೊಟ್ಟ ಲೋಟವನ್ನು ತುಂಬಿಸಿ ಕೈಗಿತ್ತಳು.

"ಎಂಜಿನ್ ಎಬ್ಬಿಸ್ಬೇಕು. ಇವತ್ತು ನೀವೇ ಹಾಕ್ರಿ. ಇದ್ರಾಗೆ ಏನೈತೆ ಹೇಳ್ರಿ ನೋಡಾನ."

ಬಸವಪ್ರಭು ಲೋಟದೊಳಗೆ ನೋಡಿ, ಗಂಟಲಲ್ಲೇ ಏನೋ ಅಂದ.

"ಕೇಳಿಸ್ಲಿಲ್ಲ" ಎಂದ ಚಾಂದ್ ಪಾಷಾ, ಹ್ಯಾಂಡಲ್ ಹಿಡಿದುಕೊಂಡು.

"ಡೀಸೆಲ್ ಅಪ್ಪಾ, ಡೀಸೆಲ್" ಎಂದ ಬಸವಪ್ರಭು. ಹೆಂಗಸರು ನಕ್ಕರು. ತುಸು ತಡೆದು ಅವನೂ ನಕ್ಕ.

ಎಂಜಿನ್ ಎರಡು ಸಲ ಕೆಮ್ಮಿ ಎದ್ದಿತು. ಬಿಸಿಯಾಗುವವರೆಗೆ ಕಾದು ಗುರುಶಾಂತಮ್ಮ ನಲ್ಲಿಯನ್ನು ಹೊಂಗೆಯ ಕಡೆ ತಿರುಗಿಸಿದಳು. ಕಹಿ ಹೊಗೆ ಬಾಗಿಲು ದಾಟಿ ರಸ್ತೆಗೆ ಹೋಯಿತು. ದಾವಣಗೆರೆಯ ಬಸ್ಸೊಂದು ಬರುತ್ತಿತ್ತು. ಕಿಟಕಿಗಳಲ್ಲಿ ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಂಡರು. ಗುರುಶಾಂತಮ್ಮ ಸೊಂಟದ ಮೇಲೆ ಕೈಯಿಟ್ಟು, ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದಳು.